ಅಣ್ಣನ ಈರುಳ್ಳಿ ಮಡಿ

ನಾವು ಹೋಗಿದ್ದು ಸುದ್ದಿಗೆ ಅಂತ. ವಾಟ್ಸಾಪ್‌ನಲ್ಲಿ ಆಹ್ವಾನ ಬಂದಿತ್ತು. ತೋಟಗಾರಿಕೆ ಮೂಲಕ ಚಿಕಿತ್ಸೆ, ಮೂರು ದಿನದ ತರಬೇತಿ, ಉದ್ಘಾಟನೆ ಬೆಳಿಗ್ಗೆ 10.30ಕ್ಕೆ. ಜಿಲ್ಲೆಯಲ್ಲಿ ಸ್ಟ್ರಿಂಗರ್ ಆಗಿರುವವರಿಗೆ ಇಂಥವು ದಿನಕ್ಕೆ ಮೂರು ಬರುತ್ತವೆ. 10.30 ಅಂದರೆ 11.30 ಅಂತ ಓದಿಕೊಳ್ಳಬೇಕು. ಒಂದು ಫೋಟೊ, ಅತಿಥಿಗಳ ಹೆಸರು ತಪ್ಪಿಲ್ಲದೆ, 150 ಪದ, ಅಷ್ಟಾದರೆ ಗಾಡಿ ಹತ್ತಿ ಇನ್ನೊಂದು ಕಡೆ. ಪೆಟ್ರೋಲ್ ನಮ್ಮದೇ ಆದ್ದರಿಂದ ಎರಡು ಕಾರ್ಯಕ್ರಮ ಒಂದೇ ದಾರಿಯಲ್ಲಿ ಸಿಕ್ಕರೆ ಲಾಭ.

ದೀಪ ಹಚ್ಚುವ ಬದಲು ಗಿಡಕ್ಕೆ ನೀರು ಹಾಕಿ ಉದ್ಘಾಟನೆ ಮಾಡಿದರು. ಈಗ ಎಲ್ಲ ಕಡೆ ಹೀಗೇ. ಅತಿಥಿಗಳು ಫೋಟೊ ಆದ ಮೇಲೆ ಹೊರಟರು. ನಾವೂ ಹೊರಟಿದ್ದೆವು. ತರಬೇತಿ ಕೊಡಲು ಬಂದಿದ್ದ ಮೇಡಂ ಬಾಗಿಲ ಹತ್ತಿರ ತಡೆದರು. ವಯಸ್ಸು ಅರವತ್ತರ ಹತ್ತಿರ, ಆಸ್ಪತ್ರೆಯ ಪುನರ್ವಸತಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. "ಪೇಪರ್‌ನವರು ಹತ್ತು ನಿಮಿಷ ಕೂತು ಹೋಗಿ. ಇಲ್ಲದಿದ್ದರೆ ನಾಳೆ ಪೇಪರ್‌ನಲ್ಲಿ ನಮ್ಮನ್ನ ಸಸಿ ನೆಡುವ ಕಾರ್ಯಕ್ರಮ ಅಂತ ಹಾಕ್ತೀರಿ" ಅಂದರು. ನಮ್ಮ ಮನಸ್ಸಿನಲ್ಲಿ ಇದ್ದ ಹೆಡ್ಡಿಂಗ್ ಹೆಚ್ಚು ಕಡಿಮೆ ಅದೇ. ಕೂತೆವು.

ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಆಶಾ ಕಾರ್ಯಕರ್ತೆಯರು, ವಿಶೇಷ ಮಕ್ಕಳ ಶಾಲೆಯ ಶಿಕ್ಷಕರು, ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು, ವೃದ್ಧಾಶ್ರಮದ ಇಬ್ಬರು. ಎಲ್ಲರೂ ಹೊಲ ಮನೆ ಕಂಡವರು. ಸಸಿ ನೆಡುವುದನ್ನು ಅವರಿಗೆ ಹೇಳಿಕೊಡುವುದು ಮೀನಿಗೆ ಈಜು ಕಲಿಸಿದ ಹಾಗೆ. ಮೇಡಂ ಅದನ್ನು ಕಲಿಸಲೂ ಇಲ್ಲ. ಎಲ್ಲರ ಬಲಗೈಯನ್ನು ಟವೆಲ್‌ನಿಂದ ಮೈಗೆ ಸೇರಿಸಿ ಕಟ್ಟಿಸಿದರು. ಈಗ ಎಡಗೈಯೊಂದರಲ್ಲೇ ನರ್ಸರಿ ಕವರಿಗೆ ಮಣ್ಣು ತುಂಬಿ ಅಂದರು. ಲಕ್ವ ಹೊಡೆದವರು ನಿಮ್ಮ ಮುಂದೆ ಕೂತಾಗ ಅವರಿಗೆ ಹೀಗಿರುತ್ತೆ ಅಂತ.

ನಮಗೂ ಕಟ್ಟಿದರು. ಕವರ್ ಬಾಯಿ ತೆರೆಯಲು ಎರಡು ಕೈ ಬೇಕು. ಹಲ್ಲಿನಲ್ಲಿ ಕಚ್ಚಿ ತೆರೆದೆವು. ಮಣ್ಣು ಹಾಕಿದರೆ ಕವರ್ ಮಗುಚಿ ಬೀಳುತ್ತೆ. ಪಕ್ಕದಲ್ಲಿದ್ದ ಆಶಾ ಅಕ್ಕ ಒಬ್ಬರು ಕವರನ್ನು ಖಾಲಿ ತೆಂಗಿನ ಚಿಪ್ಪಿನಲ್ಲಿ ಕೂರಿಸಿ ಆಮೇಲೆ ತುಂಬಿದರು. ಮೇಡಂ ಅದನ್ನೇ ಕಾಯುತ್ತಿದ್ದರೋ ಏನೋ, "ನೋಡಿ, ಇವರಿಗೆ ಗೊತ್ತಾಯ್ತು. ಗಿಡ ಬೆಳೆಸೋದು ನಿಮಗೆ ಗೊತ್ತು. ಆ ಚಿಪ್ಪು ಎಲ್ಲಿಡಬೇಕು ಅಂತ ಹುಡುಕೋದೇ ಈ ತರಬೇತಿ" ಅಂದರು.

ಇನ್ನೊಂದು ಕಡೆಯ ಪ್ರೆಸ್‌ಮೀಟ್ ತಪ್ಪಿತು. ಮೂರು ದಿನವೂ ಹೋದೆವು. ಯಾಕೆ ಅಂತ ಅಲ್ಲಿ ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತೇವೆ.

ನಮ್ಮ ಅಣ್ಣನಿಗೆ ಸ್ಕಿಜೋಫ್ರೇನಿಯಾ ಇದೆ. ಶುರುವಾಗಿ ಹನ್ನೆರಡು ವರ್ಷ ಆಯಿತು. ಅದಕ್ಕೆ ಮುಂಚೆ ಎರಡು ಎಕರೆಯಲ್ಲಿ ಈರುಳ್ಳಿ, ಉಳಿದ ಹೊಲದಲ್ಲಿ ಶೇಂಗಾ ಬೆಳೆಯುತ್ತಿದ್ದ. ಮೊದಲು ನಿದ್ದೆ ಹೋಯಿತು. ಆಮೇಲೆ ಬೋರ್‌ವೆಲ್ ಮೋಟರ್ ಓಡುವಾಗ ಅದರೊಳಗೆ ಯಾರೋ ತನ್ನ ಬಗ್ಗೆ ಮಾತಾಡುತ್ತಾರೆ ಅನ್ನತೊಡಗಿದ. ಒಂದು ರಾತ್ರಿ ಸ್ಟಾರ್ಟರ್ ಕಿತ್ತು ಹಾಕಿದ. ದೇವರು ಕೇಳಿಸಿದೆವು, ತಾಯಿತ ಕಟ್ಟಿಸಿದೆವು, ಎರಡು ವರ್ಷ ಹಾಗೇ ಹೋಯಿತು. ಆಮೇಲೆ ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ ಅಂತ ಗೊತ್ತಾಗಿ ಕರೆದುಕೊಂಡು ಹೋದೆವು. ಮಾತ್ರೆಗೆ ದನಿಗಳು ಕಡಿಮೆಯಾದವು. ಅಣ್ಣ ವಾಪಸ್ ಬಂದ, ಆದರೆ ಪೂರ್ತಿ ಬರಲಿಲ್ಲ. ಬೆಳಿಗ್ಗೆ ಎದ್ದು ಜಗಲಿ ಮೇಲೆ ಕೂತರೆ ಊಟಕ್ಕೆ ಕರೆಯುವವರೆಗೆ ಅಲ್ಲೇ. ಪೇಪರ್ ಓದುತ್ತಾನೆ, ಮಡಚಿ ಇಡುತ್ತಾನೆ. ಅಷ್ಟೆ.

ಅವ್ವ ಅದನ್ನು ಮೈಗಳ್ಳತನ ಅನ್ನುತ್ತಿದ್ದಳು. ನಾವೂ ಒಳಗೊಳಗೆ ಹಾಗೇ ಅಂದುಕೊಂಡಿದ್ದೆವು. ಎರಡನೇ ದಿನ ಮೇಡಂ ಹೇಳಿದರು, ಈ ಕಾಯಿಲೆಯಲ್ಲಿ ಎರಡು ಪಾಲು. ಇಲ್ಲದ್ದು ಕೇಳುವುದು, ಇಲ್ಲದ್ದನ್ನು ನಂಬುವುದು ಒಂದು. ಮಾತ್ರೆ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಇನ್ನೊಂದು, ಆಸೆ ಬತ್ತುವುದು, ಏಳಬೇಕು ಅನ್ನಿಸದಿರುವುದು, ಮುಖದಲ್ಲಿ ನಗು ಅಳು ಇಲ್ಲದಿರುವುದು. ಇದಕ್ಕೆ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಇದು ಸೋಮಾರಿತನ ಅಲ್ಲ, ಕಾಯಿಲೆಯದೇ ಭಾಗ. ಗಿಡದ ಕೆಲಸ, ಹಾಡು, ಮಗ್ಗ, ಅಡುಗೆ ಇವನ್ನೆಲ್ಲ ತರುವುದು ಈ ಎರಡನೇ ಪಾಲಿಗೆ. ಮಾತ್ರೆಯ ಜಾಗಕ್ಕಲ್ಲ, ಮಾತ್ರೆಯ ಪಕ್ಕಕ್ಕೆ.

ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು. ಇನ್ನೊಂದು ವಿಷಯ ನೆನಪಾಯಿತು, ಅದನ್ನೂ ಹೇಳಿಬಿಡುತ್ತೇವೆ. ಐದಾರು ವರ್ಷದ ಹಿಂದೆ ಬಸ್ ನಿಲ್ದಾಣದಲ್ಲಿ ಒಬ್ಬ ಗಾಜು ಒಡೆದ. ಆ ಸುದ್ದಿ ಕಳಿಸಿದ್ದು ನಾವು. 'ಹುಚ್ಚನ ದಾಂಧಲೆ' ಅಂತ ಹೆಡ್ಡಿಂಗ್ ಬಂತು. ಡೆಸ್ಕ್‌ನಲ್ಲಿ ಹಾಕಿದ್ದಲ್ಲ, ನಾವೇ ಹಾಗೆ ಬರೆದು ಕಳಿಸಿದ್ದೆವು. ಆವತ್ತೂ ಅಣ್ಣ ಜಗಲಿ ಮೇಲೆ ಕೂತು ಪೇಪರ್ ಓದಿದ, ಮಡಚಿ ಇಟ್ಟ.

ಇದು ಹೊಸದೇನೂ ಅಲ್ಲ. ಅಮೆರಿಕದ ಬೆಂಜಮಿನ್ ರಶ್ ಅನ್ನುವ ವೈದ್ಯರು 1812ರಲ್ಲೇ ಮನೋರೋಗದ ಬಗ್ಗೆ ಪುಸ್ತಕ ಬರೆದಿದ್ದರು. ಆಸ್ಪತ್ರೆಯಲ್ಲಿ ಸೌದೆ ಒಡೆದು, ತೋಟ ಅಗೆದು ಮಾಡುವ ರೋಗಿಗಳು ಎಷ್ಟೋ ಸಲ ಗುಣವಾಗುತ್ತಾರೆ, ದೊಡ್ಡ ಮನೆತನದವರು ಅಂತ ಕೆಲಸ ಮುಟ್ಟದವರು ಅಲ್ಲೇ ಕೊರಗುತ್ತಾರೆ ಅಂತ ಅದರಲ್ಲಿದೆ. ಮೇಡಂ ಇದನ್ನು ಹೇಳಿದಾಗ ಹಿಂದಿನ ಸಾಲಿನಿಂದ "ಗೌಡ್ರಿಗೆ ಗುಣ ಆಗಲ್ಲ ಬಿಡಿ" ಅಂತ ಯಾರೋ ಅಂದು ಎಲ್ಲ ನಕ್ಕರು. ಅಮೆರಿಕದಲ್ಲಿ ಗಿಡದ ಚಿಕಿತ್ಸೆಯವರದೇ ಸಂಘ 1973ರಲ್ಲಿ ಆಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಪುನರ್ವಸತಿ ವಿಭಾಗ ಇದೆ. ಅಲ್ಲಿ ಬೇಕರಿ, ಮರಗೆಲಸ, ಹೊಲಿಗೆ ಜೊತೆ ತೋಟಗಾರಿಕೆಯೂ ಒಂದು.

1984ರಲ್ಲಿ ರೋಜರ್ ಉಲ್ರಿಚ್ ಅನ್ನುವವರು ಮಾಡಿದ ಒಂದು ಅಧ್ಯಯನವನ್ನು ಎಲ್ಲರೂ ಹೇಳುತ್ತಾರೆ. ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ನೋಡಿದರು. ಅರ್ಧ ಜನರ ಕಿಟಕಿಯಲ್ಲಿ ಮರ ಕಾಣುತ್ತಿತ್ತು, ಇನ್ನರ್ಧ ಜನರ ಕಿಟಕಿಯಲ್ಲಿ ಇಟ್ಟಿಗೆ ಗೋಡೆ. ಮರ ಕಂಡವರು ಮುಕ್ಕಾಲು ದಿನದಷ್ಟು ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. ನಮಗೆ ಕೇಳಿ ಖುಷಿಯಾಯಿತು. ಆದರೆ 46 ಜನ ಅಂದರೆ ನಮ್ಮೂರಿನ ಒಂದು ಕೇರಿ. ಅಲ್ಲದೆ ಮರ ನೋಡುವುದು ಬೇರೆ, ಮಣ್ಣಿಗೆ ಕೈ ಹಾಕುವುದು ಬೇರೆ. ಗಿಡ ನೆಟ್ಟರೆ ಎಲ್ಲ ವಾಸಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅಂತ ಮೇಡಂ ಅವರೇ ಹೇಳಿದರು.

ಚಿಪ್ಪಿನ ಆಶಾ ಅಕ್ಕನೇ ಆಗ ಕೇಳಿದ್ದು. "ಮೇಡಂ, ಹುಟ್ಟಿದಾಗಿಂದ ಮಣ್ಣಲ್ಲೇ ಇದೀವಿ. ಮಣ್ಣು ಔಷಧ ಆದ್ರೆ ನಮ್ ರೈತರು ಯಾಕೆ ಸಾಯ್ತಾರೆ?"

ಒಂದಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಆ ಅಕ್ಕನ ಊರಲ್ಲಿ ಹಿಂದಿನ ವರ್ಷ ಏನಾಗಿತ್ತು ಅಂತ ನಮಗೆ ಗೊತ್ತಿತ್ತು. ಆ ಸುದ್ದಿಯೂ ನಾವೇ ಕಳಿಸಿದ್ದು.

ಮೇಡಂ ಹೇಳಿದ್ದನ್ನು ನಮ್ಮ ಮಾತಲ್ಲಿ ಬರೆಯುತ್ತೇವೆ. ಹೊಲದಲ್ಲಿ ಬೆಳೆ ಯಜಮಾನ, ಮನುಷ್ಯ ಆಳು. ಬೆಳೆ ಮೇಲೆ ಸಾಲ ಇದೆ, ಮಗಳ ಮದುವೆ ಇದೆ, ಮಾರ್ಕೆಟ್ ರೇಟ್ ಇದೆ. ಬೆಳೆ ಹೋದರೆ ಎಲ್ಲ ಹೋಯಿತು. ಇಲ್ಲಿ ಇಡುವ ಕುಂಡದ ಮೇಲೆ ಯಾವ ಸಾಲವೂ ಇರಬಾರದು. ಒಣಗಿದರೆ ಯಾರೂ ಬೈಯಬಾರದು. ಇನ್ನೊಂದು ಬೀಜ ಹಾಕಬಹುದು ಅನ್ನುವ ಧೈರ್ಯ ಇರಬೇಕು. ರೈತನಿಗೆ ಆ ಧೈರ್ಯ ಕೊಡುವುದು ಕುಂಡದ ಕೆಲಸ ಅಲ್ಲ, ಅದು ಬೇರೆಯವರ ಕೆಲಸ, ಅವರು ಮಾಡುತ್ತಿಲ್ಲ. ಈ ಕೊನೆಯ ವಾಕ್ಯ ಮೇಡಂ ಅವರದಲ್ಲ, ನಮ್ಮದು.

ಅದಕ್ಕೇ ಸೇರಿದ ಇನ್ನೊಂದು ಮಾತು. ಚಿಕಿತ್ಸೆ ಹೆಸರಲ್ಲಿ ಬಿಟ್ಟಿ ದುಡಿಸಬಾರದು. ಹಳೇ ಕಾಲದ ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳೇ ತೋಟ ಮಾಡಿ ಆಸ್ಪತ್ರೆ ಸಾಕಿದ್ದೂ ಉಂಟು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇದಕ್ಕೆ ನಿಯಮ ಇದೆ. ಚಿಕಿತ್ಸಾ ಕೇಂದ್ರದಲ್ಲಿ ಯಾರನ್ನೂ ಬಲವಂತವಾಗಿ ಕೆಲಸಕ್ಕೆ ಹಚ್ಚುವಂತಿಲ್ಲ, ಕೆಲಸ ಮಾಡಿದರೆ ತಕ್ಕ ಕೂಲಿ ಕೊಡಬೇಕು. ಮನೆಯಲ್ಲೂ ಅಷ್ಟೇ, ಅವನು ಬೆಳೆದ ಸೊಪ್ಪು ಮಾರಿದರೆ ದುಡ್ಡು ಅವನ ಕೈಗೆ.

ಉಳಿದದ್ದು ಕೈ ಕೆಲಸದ ತಿಳಿವಳಿಕೆ. ಓದುವವರಲ್ಲಿ ಯಾರದಾದರೂ ಮನೆಯಲ್ಲಿ ಬೇಕಾಗಬಹುದು ಅಂತ ಸ್ವಲ್ಪ ಬರೆಯುತ್ತೇವೆ. ಮೊದಲ ಸಲ ಬೇಗ ಮೊಳೆಯುವುದನ್ನೇ ಕೊಡಬೇಕು. ಮೆಂತ್ಯ ಎರಡು ಮೂರು ದಿನಕ್ಕೆ ಮೊಳೆಯುತ್ತೆ, ಮೂರು ನಾಲ್ಕು ವಾರಕ್ಕೆ ಕೊಯ್ಯಬಹುದು. ಕೊತ್ತಂಬರಿ ಬೇಡ, ವಾರ ಹತ್ತು ದಿನ ಕಾಯಿಸುತ್ತೆ, ಅಷ್ಟರಲ್ಲಿ ಮನಸ್ಸು ಮುದುಡುತ್ತೆ. ಮಾತ್ರೆಯಿಂದ ಕೈ ನಡುಗುವವರಿಗೆ ಹರಿವೆಯಂಥ ಸಣ್ಣ ಬೀಜ ಕೊಟ್ಟರೆ ಅವಮಾನ ಮಾಡಿದ ಹಾಗೆ. ಅವರೆ, ಹುರುಳಿಕಾಯಿ, ಸೂರ್ಯಕಾಂತಿ ಕೊಡಿ, ಬೆರಳಿಗೆ ಸಿಗುತ್ತೆ. ಹರಿವೆಯೇ ಬೇಕು ಅಂದರೆ ಮರಳು ಬೆರೆಸಿ. ಕಣ್ಣು ಕಾಣದವರಿಗೆ ದೊಡ್ಡಪತ್ರೆ, ತುಳಸಿ, ಪುದೀನ. ಮುಟ್ಟಿದರೆ ವಾಸನೆ ಹೇಳುತ್ತೆ, ಇದು ಯಾವ ಗಿಡ ಅಂತ ಇನ್ನೊಬ್ಬರನ್ನ ಕೇಳಬೇಕಾಗಿಲ್ಲ. ಗಾಲಿ ಕುರ್ಚಿಯವರಿಗೆ ಎರಡು ಎರಡೂವರೆ ಅಡಿ ಎತ್ತರದ ಮಡಿ, ಕೆಳಗೆ ಕಾಲು ಹೋಗುವಷ್ಟು ಜಾಗ. ಹಿಡಿತ ಇಲ್ಲದ ಕೈಗೆ ಸಲಕರಣೆಯ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಬೇಕು.

ಕೈಗೆ ಸಿಕ್ಕಿದ್ದು ಬಾಯಿಗೆ ಹಾಕುವ ಮಕ್ಕಳು, ಮರೆವಿನ ಕಾಯಿಲೆಯವರು ಇರುವ ಕಡೆ ಕಣಗಿಲೆ, ದತ್ತೂರಿ, ಹರಳು, ಗುಲಗಂಜಿ ಇರಲೇಬಾರದು. ದೇವಸ್ಥಾನದ ಮುಂದೆ, ಶಾಲೆ ಮುಂದೆ ಕಣಗಿಲೆ ಎಷ್ಟಿದೆ ಅಂತ ನಾವು ಆಮೇಲೆ ಎಣಿಸಿದೆವು. ಸಾಕಷ್ಟಿದೆ.

ಮನೋರೋಗದ ಕೆಲವು ಮಾತ್ರೆಗಳಿಗೆ ಬಿಸಿಲು ಆಗುವುದಿಲ್ಲ. ಕೆಲವಕ್ಕೆ ಚರ್ಮ ಬೇಗ ಸುಡುತ್ತೆ, ಕೆಲವಕ್ಕೆ ಮೈ ಶಾಖ ಹೊರಗೆ ಹೋಗುವುದು ಕಷ್ಟ. ಲಿಥಿಯಂ ತಗೊಳ್ಳುವವರು ಬೆವರಿ ನೀರು ಕುಡಿಯದಿದ್ದರೆ ಅಪಾಯವೇ ಆಗಬಹುದು. ಆದ್ದರಿಂದ ಬೆಳಿಗ್ಗೆ ಹೊತ್ತು, ತಲೆಗೆ ಟವೆಲ್, ಪಕ್ಕದಲ್ಲಿ ಕುಡಿಯುವ ನೀರು. ಶುರು ಮಾಡುವ ಮುಂಚೆ ಮಾತ್ರೆ ಚೀಟಿ ಡಾಕ್ಟರಿಗೆ ತೋರಿಸಿ ಕೇಳಬೇಕು.

ಇಷ್ಟೂ ಆದ ಮೇಲೆ ಮೇಡಂ ಕೊನೆಗೆ ಕೇಳಿದರು. "ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಬೆಳೆಗೆ ಹೊಡೆಯೋ ಔಷಧಿ ಕೈಗೆ ಸಿಗೋ ಹಾಗಿದೆ? ಕೈ ಎತ್ತಬೇಡಿ, ನೆನಪು ಮಾಡ್ಕೊಳ್ಳಿ ಸಾಕು. ಗಿಡದ ಚಿಕಿತ್ಸೆ ಮಾಡೋ ಮನೆಯಲ್ಲಿ ಮೊದಲನೇ ಕೆಲಸ ಅದನ್ನ ಮನೆಯಿಂದ ಹೊರಗೆ ಕಳಿಸೋದು. ಮಣ್ಣು ಆಮೇಲೆ."

ನಮ್ಮ ಮನೆಯ ಕೊಟ್ಟಿಗೆಯಲ್ಲಿ, ಬೀಜದ ಡಬ್ಬಿ ಇಡುವ ಅದೇ ಹಲಗೆ ಮೇಲೆ, ಅರ್ಧ ಬಾಟಲಿ ಇತ್ತು. ಹೊಲ ಕೋರಿಗೆ ಮಾಡುವವರು ಇಟ್ಟಿದ್ದು. ಅಣ್ಣ ಒಂದು ಸಲ ಹತ್ತು ದಿನ ಜಿಲ್ಲಾಸ್ಪತ್ರೆಯಲ್ಲಿ ಇದ್ದ. ಯಾಕೆ ಅಂತ ಇಲ್ಲಿ ಬರೆಯುವುದಿಲ್ಲ. ಅದಾಗಿ ನಾಲ್ಕು ವರ್ಷವಾದರೂ ಬಾಟಲಿ ಅಲ್ಲೇ ಇತ್ತು, ದಿನಾ ಅದರ ಪಕ್ಕ ಹಾದು ಹೋಗಿ ನಾವು ರೈತರ ಆತ್ಮಹತ್ಯೆ ಸುದ್ದಿ ಕಳಿಸುತ್ತಿದ್ದೆವು. ಆವತ್ತು ಸಂಜೆ ಮನೆಗೆ ಹೋದವರೇ ಮೊದಲು ಅದನ್ನು ಎತ್ತಿ ಕೋರಿನವರ ಮನೆಗೆ ಕೊಟ್ಟು, ಬೀಗ ಹಾಕಿ ಇಡಿ ಅಂದೆವು. ಅವರಿಗೆ ಯಾಕೆ ಅಂತ ಅರ್ಥ ಆಯಿತು, ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹಾಗಿದ್ದರೆ ಈ ಓದು ಇಲ್ಲಿಗೇ ನಿಲ್ಲಿಸಿ, ಹೋಗಿ ಆ ಕೆಲಸ ಮಾಡಿ ಬನ್ನಿ. ಮನಸ್ಸು ತಡೆಯದಾದಾಗ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ತರಬೇತಿ ಮುಗಿದ ಮಾರನೇ ದಿನ ನಾವು ಮಾಡಿದ್ದು ಎಲ್ಲವೂ ತಪ್ಪು.

ನರ್ಸರಿಗೆ ಹೋಗಿ ಇಪ್ಪತ್ತು ಕುಂಡ ತಂದೆವು. ಗುಲಾಬಿ, ದಾಸವಾಳ, ಮಲ್ಲಿಗೆ, ಕನಕಾಂಬರ. ಒಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆವು. ಬೆಳಿಗ್ಗೆ 7ಕ್ಕೆ ನೀರು, 7.30ಕ್ಕೆ ಕಳೆ, ಹೀಗೆ. ಅಣ್ಣನ ಮುಂದೆ ನಿಂತು ಭಾಷಣ ಬೇರೆ. ಅವನು ಕೇಳಿದ, ಎದ್ದ, ಒಳಗೆ ಹೋಗಿ ಮಲಗಿದ. ಎರಡು ದಿನ ಜಗಲಿಗೂ ಬರಲಿಲ್ಲ. ಅವನ ಜಾಗದಲ್ಲಿ ಇಪ್ಪತ್ತು ಕುಂಡ ಕೂತಿದ್ದವಲ್ಲ.

ಮೇಡಂಗೆ ಫೋನ್ ಮಾಡಿದೆವು. ಅಲ್ಲಿಯವರೆಗೆ ಅವರಿಗೆ ಅಣ್ಣನ ವಿಷಯ ಗೊತ್ತಿರಲಿಲ್ಲ. ಎಲ್ಲ ಕೇಳಿ, "ಆ ಕುಂಡ ಅವರದಾ, ನಿಮ್ಮದಾ?" ಅಂದರು. ನಮ್ಮದು ಅಂದೆವು. "ಹಾಗಾದ್ರೆ ನೀವೇ ನೀರು ಹಾಕ್ಕೊಳ್ಳಿ."

ಕುಂಡಗಳನ್ನು ಹಿತ್ತಲಿಗೆ ಸಾಗಿಸಿ, ಹಳೇ ಪೇಂಟ್ ಬಕೆಟ್ ಒಂದಕ್ಕೆ ತಳದಲ್ಲಿ ತೂತು ಹೊಡೆದು, ಕೆಮ್ಮಣ್ಣು ತಿಪ್ಪೆಗೊಬ್ಬರ ಹಾಕಿ ಮೆಂತ್ಯ ಬಿತ್ತಿ ಜಗಲಿಯ ಕಂಬದ ಪಕ್ಕ ಇಟ್ಟೆವು. ಏನೂ ಹೇಳಲಿಲ್ಲ. ಮೂರನೇ ದಿನ ಮೊಳೆಯಿತು. ಅಣ್ಣ ನೋಡಿದ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಅವ್ವ ತವರಿನಲ್ಲಿ ಮದುವೆ ಅಂತ ಹೋದಳು, ನಾವು ಒಂದು ದಿನ ಪೂರ್ತಿ ಹೊರಗೆ. ರಾತ್ರಿ ಬಂದು ಬಕೆಟ್ ಮುಟ್ಟಿದರೆ ಮಣ್ಣು ಹಸಿ.

ನಾವು ಏನೂ ಕೇಳಲಿಲ್ಲ. ಕೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು.

ಆಮೇಲೆ ಅಣ್ಣ ಹಾಕಿದ್ದೇ ಹಾಕಿದ್ದು ನೀರು. ದಿನಕ್ಕೆ ನಾಲ್ಕು ಸಲ. ಎಂಟೇ ದಿನಕ್ಕೆ ಸಸಿಗಳು ಬುಡ ಕೊಳೆತು ಒರಗಿದವು. ಇಲ್ಲಿ ನಾವು ಇನ್ನೊಂದು ತಪ್ಪು ಮಾಡಿದೆವು. ಅವನು ಏಳುವ ಮುಂಚೆ ಆ ಬಕೆಟ್ ತೆಗೆದು, ಹಿತ್ತಲಲ್ಲಿ ನಾವು ಬೆಳೆಸಿಕೊಂಡಿದ್ದ ಮೆಂತ್ಯದ ಬಕೆಟ್ ಅಲ್ಲಿ ಇಟ್ಟೆವು. ಒಣಗಿದರೆ ಪರವಾಗಿಲ್ಲ ಅಂತ ಮೂರು ದಿನ ಕೇಳಿ ಬರೆದುಕೊಂಡವರು ನಾವೇ. ನಮ್ಮ ಮನೆಗೆ ಬಂದಾಗ ಪರವಾಗಿಲ್ಲ ಅನ್ನಿಸಲಿಲ್ಲ.

ಅಣ್ಣ ಎದ್ದು ಬಂದ. ಚೊಂಬು ತಂದ. ಬಗ್ಗಿ ನೋಡಿದ. "ಇದು ನಂದಲ್ಲ" ಅಂದ.

ಅವನಾಗಿ ಒಂದು ಮಾತು ಆಡಿ ಎಷ್ಟು ತಿಂಗಳಾಗಿತ್ತೋ. ಅದೂ ನಮ್ಮ ಸುಳ್ಳು ಹಿಡಿಯಲಿಕ್ಕೆ. ನಾವು ಒಪ್ಪಿಕೊಂಡೆವು. ಕೊಳೆತ ಬಕೆಟ್ ಎಲ್ಲಿ ಅಂತ ಕೇಳಿದ, ಹೋಗಿ ನೋಡಿದ, ಮಣ್ಣು ಬೆರಳಲ್ಲಿ ಕೆದಕಿ "ನೀರು ಜಾಸ್ತಿ ಆಗದೆ" ಅಂದ. ಯಾರು ಹಾಕಿದ್ದು ಅಂತ ಇಬ್ಬರೂ ಕೇಳಲಿಲ್ಲ.

ಅವನೇ ಈರುಳ್ಳಿ ಬೀಜ ಕೇಳಿದ್ದು ಜುಲೈ ಮೊದಲ ವಾರ. ನಾವು ತಂದೆವು. ಅವ್ವ ನೋಡಿದವಳೇ ಕಿತ್ತುಕೊಂಡಳು. "ಈರುಳ್ಳಿನೇ ಅವನ್ನ ಕೆಡಿಸಿದ್ದು. ಮೆಂತ್ಯ ಹಾಕ್ಲಿ, ಬೇಕಾದ್ರೆ ಟೊಮೆಟೊ ಹಾಕ್ಲಿ. ಇದು ಬ್ಯಾಡ." ಅಣ್ಣನಿಗೆ ಕಾಯಿಲೆ ಶುರುವಾದ ವರ್ಷ ಈರುಳ್ಳಿ ರೇಟ್ ಬಿದ್ದು ಹೊಲದಲ್ಲೇ ಬಿಟ್ಟಿದ್ದೆವು. ಅವ್ವನ ತಲೆಯಲ್ಲಿ ಎರಡೂ ಒಂದೇ ಆಗಿದೆ. ರೇಟ್ ಬಿದ್ದ ವರ್ಷ ಈರುಳ್ಳಿ ಬೆಳೆದವರಿಗೆಲ್ಲ ಈ ಕಾಯಿಲೆ ಬರಲಿಲ್ಲ, ಮಿದುಳಿನಲ್ಲಿ ಆಗುವ ವ್ಯತ್ಯಾಸ ಇದು, ಕಷ್ಟ ಅದನ್ನು ಎಬ್ಬಿಸಿರಬಹುದು ಅಷ್ಟೇ ಅಂತ ಡಾಕ್ಟರು ಎಷ್ಟು ಸಲ ಹೇಳಿದರೂ ಅವ್ವ ಒಪ್ಪುವುದಿಲ್ಲ. ನಮಗೂ ಭಯ ಇತ್ತು. ಮೇಡಂಗೆ ಕೇಳಿದರೆ, ಕೇಳಿದ್ದು ಅವರೇ ಅಲ್ಲವಾ, ಕೊಡಿ, ಆದರೆ ರಾತ್ರಿ ನಿದ್ದೆ ಮೇಲೆ ಕಣ್ಣಿಡಿ ಅಂದರು.

ನಮ್ಮ ಕಡೆ ಮಳೆ ನಂಬಿ ಈರುಳ್ಳಿ ಬೀಜವನ್ನೇ ನೇರ ಬಿತ್ತುವವರು ಬಹಳ. ಅಣ್ಣ ಮೊದಲಿಂದಲೂ ಸಸಿ ಮಡಿ ಮಾಡಿ ನಾಟಿ ಮಾಡುವವನು. ಹಿತ್ತಲಲ್ಲಿ ಮೂರಡಿ ಅಗಲ, ಆರಡಿ ಉದ್ದ ಅಗೆದ. ಅಳತೆ ಕೋಲು ತಗೊಳ್ಳಲಿಲ್ಲ, ನಾವು ಆಮೇಲೆ ಕದ್ದು ಅಳೆದೆವು, ಸರಿಯಾಗಿ ಇತ್ತು. ಅದಕ್ಕೆ ನಾಲ್ಕು ದಿನ ಹಿಡಿಯಿತು. ಹತ್ತು ನಿಮಿಷ ಅಗೆದು ಅರ್ಧ ಗಂಟೆ ಕೂರುತ್ತಿದ್ದ. ಬೀಜ ಉದುರಿಸಿ ಮೇಲೆ ಪುಡಿಗೊಬ್ಬರ ಉದುರಿಸಿ ಹುಲ್ಲು ಮುಚ್ಚಿದ. ಮೊಳಕೆ ಕಂಡ ದಿನ ಹುಲ್ಲು ತೆಗೆದ. ಇದ್ಯಾವುದನ್ನೂ ನಾವು ಹೇಳಿಕೊಟ್ಟಿರಲಿಲ್ಲ. ಆಗಸ್ಟ್ ಕೊನೆಯಲ್ಲಿ ಸಸಿ ಕಿತ್ತು ಪಕ್ಕದ ಜಾಗಕ್ಕೆ ನಾಟಿ ಮಾಡಿದ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಅನ್ನಲಿಲ್ಲ. ಮಧ್ಯಾಹ್ನ ಎಂದಿಗಿಂತ ಒಂದು ಮುದ್ದೆ ಹೆಚ್ಚಿಗೆ ಇಟ್ಟಳು.

ಕಥೆ ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಪೇಪರ್‌ಗಾದರೆ ಇಲ್ಲಿಗೇ ನಿಲ್ಲಿಸುತ್ತಿದ್ದೆವು.

ದಸರಾ ಕಳೆದ ಮೇಲೆ ಅಣ್ಣ ಮತ್ತೆ ರಾತ್ರಿ ಓಡಾಡತೊಡಗಿದ. ಪಕ್ಕದ ಮನೆಯ ಮೋಟರ್ ಆನ್ ಆದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ನೋಡಿದರೆ ಮಾತ್ರೆ ಬಿಟ್ಟು ಇಪ್ಪತ್ತು ದಿನ ಆಗಿತ್ತು. ಹುಷಾರಾಗಿದೀನಲ್ಲ, ಇನ್ನೇಕೆ ಅಂತ. ತಪ್ಪು ಅವನೊಬ್ಬನದಲ್ಲ. ದಿನಾ ಮಾತ್ರೆ ನುಂಗಿದ್ದನ್ನು ನೋಡುವುದು ನಮ್ಮ ಕೆಲಸ ಆಗಿತ್ತು. ಮಡಿ ಚೆನ್ನಾಗಿದೆ ಅಂತ ನಾವು ಮಡಿ ನೋಡಿಕೊಂಡು ಕೂತಿದ್ದೆವು. ತರಬೇತಿಯಲ್ಲಿ ಬರೆದುಕೊಂಡ 'ಮಾತ್ರೆಯ ಪಕ್ಕಕ್ಕೆ' ಅನ್ನುವ ಮಾತು ನಮ್ಮ ನೋಟ್‌ಬುಕ್‌ನಲ್ಲಿ ಈಗಲೂ ಇದೆ, ಅಡಿಗೆರೆ ಹಾಕಿ.

ಮಂಗಳವಾರಕ್ಕೆ ಕಾಯದೆ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡು ವಾರ ಅಲ್ಲೇ ಇದ್ದ. ಮೊದಲ ಆರು ದಿನ ನಮ್ಮ ಜೊತೆ ಮಾತೇ ಇಲ್ಲ. ಇತ್ತ ಮಡಿಗೆ ನೀರು ಹಾಕುವುದಾ ಬೇಡವಾ ಅನ್ನುವುದೇ ದೊಡ್ಡ ಪ್ರಶ್ನೆ ಆಯಿತು. ಹಾಕಿದರೆ ಮತ್ತೆ ಆ ಮೆಂತ್ಯದ ಬಕೆಟ್ ಕಥೆ. ಹಾಕದಿದ್ದರೆ ಒಣಗುತ್ತೆ. ಏಳನೇ ದಿನ ಅವನನ್ನೇ ಕೇಳಿದೆವು. ಗೋಡೆ ಕಡೆ ತಿರುಗಿ ಮಲಗಿದ್ದವನು ತಿರುಗದೇ ಹೇಳಿದ. "ಬೆಳಿಗ್ಗೆ ಹಾಕು. ಸಂಜೆ ಹಾಕಿದ್ರೆ ಎಲೆಗೆ ರೋಗ ಬರ್ತದೆ."

ಬೆಳಿಗ್ಗೆಯೇ ಹಾಕಿದೆವು. ಆ ಎರಡು ವಾರ ನಮ್ಮಿಂದ ಒಂದು ಸುದ್ದಿಯೂ ಹೋಗಲಿಲ್ಲ. ಡೆಸ್ಕ್‌ನಿಂದ ಫೋನ್ ಬಂದಾಗ ಜ್ವರ ಅಂತ ಸುಳ್ಳು ಹೇಳಿದೆವು. ಅಣ್ಣನಿಗೆ ಹುಷಾರಿಲ್ಲ ಅಂತ ಆಗಲೂ ಬಾಯಿಗೆ ಬರಲಿಲ್ಲ.

ಮನೆಗೆ ಬಂದ ಮೇಲೆ ಹತ್ತು ದಿನ ಅವನು ಹಿತ್ತಲಿಗೆ ಹೋಗಲಿಲ್ಲ. ಆಮೇಲೆ ಹೋದ. ಈಗ ಮಾತ್ರೆ ಅವ್ವನ ಎದುರಿಗೇ. ಮಾತ್ರೆ ನುಂಗಿ ಆ ಲೋಟದಲ್ಲಿ ಉಳಿದ ನೀರನ್ನು ಮಡಿಗೆ ಚೆಲ್ಲುತ್ತಾನೆ. ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಮೇಡಂಗೆ ಹೇಳಿದೆವು, ಅವರು ಬರೆದುಕೊಂಡರು.

ಡಿಸೆಂಬರ್ ಕೊನೆಯಲ್ಲಿ ಎಲೆ ಬಾಗಿ ಒಣಗಿದ ಮೇಲೆ ಕಿತ್ತ. ಗಡ್ಡೆ ದೊಡ್ಡದೇನಲ್ಲ, ಬಹಳಷ್ಟು ನಿಂಬೆಹಣ್ಣಿನಷ್ಟು. ಜಗಲಿ ಮೇಲೆ, ತಾನು ಕೂರುವ ಜಾಗದಲ್ಲೇ ಹರಡಿ ಒಣಗಿಸಿದ. ಒಂದು ವಾರ ತಾನು ಮೆಟ್ಟಿಲ ಮೇಲೆ ಕೂತ. ರಸ್ತೆಯಲ್ಲಿ ಹೋಗುವ ಇಬ್ಬರು ನಿಂತು, "ಏನಪ್ಪಾ, ಈರುಳ್ಳಿ ಹಾಕಿದ್ಯಾ?" ಅಂತ ಕೇಳಿದರು. ಹೂಂ ಅಂದ. ಆ ಇಬ್ಬರಲ್ಲಿ ಒಬ್ಬರು ಅವನ ಹತ್ತಿರ ಮಾತಾಡಿ ಎಂಟು ಹತ್ತು ವರ್ಷ ಆಗಿರಬೇಕು.

ತರಬೇತಿಯ ಸುದ್ದಿ ಅವತ್ತೇ ಬಂದಿತ್ತು, ಅತಿಥಿಗಳು ಗಿಡಕ್ಕೆ ನೀರು ಹಾಕುವ ಫೋಟೊ ಜೊತೆ, ಎರಡು ಕಾಲಂ. ಚಿಪ್ಪಿನ ಅಕ್ಕನನ್ನು ಫೋಟೊದಲ್ಲಿ ಕತ್ತರಿಸಿದ್ದರು. ಆ ಅಕ್ಕ ಈಗ ತಮ್ಮ ಊರಿನಲ್ಲಿ ಲಕ್ವದ ಇಬ್ಬರ ಮನೆಗೆ ಚಿಪ್ಪು ಹಿಡಿದೇ ಹೋಗುತ್ತಾರಂತೆ. ಅದರ ಸುದ್ದಿ ಬೇರೆ ಬರೆಯಬೇಕು.

ಇದನ್ನು ಬರೆಯುವ ಮುಂಚೆ ಅಣ್ಣನನ್ನು ಕೇಳಿದೆವು. ನಿನ್ನ ವಿಷಯ ಬರೀಬಹುದಾ, ಹೆಸರು ಹಾಕಲ್ಲ ಅಂದೆವು. ಬಹಳ ಹೊತ್ತು ಸುಮ್ಮನಿದ್ದ.

"ಏನಂತ ಬರೀತೀಯ?"

ಈರುಳ್ಳಿ ಬೆಳೆದೆ ಅಂತ.

"ಎಷ್ಟು ಅಂತ?"

ಗೊತ್ತಿಲ್ಲ, ನಾವು ಎಣಿಸಿರಲಿಲ್ಲ.

"ಮೂವತ್ತೇಳು ಅಂತ ಬರಿ" ಅಂದ. ಸ್ವಲ್ಪ ತಡೆದು, "ಎರಡು ಕೊಳೆತಿದ್ವು. ಅದನ್ನೂ ಬರಿ."